ಕತ್ತರಿಸದ ಮೂರು ಫಾರಂ

ಜನವರಿ ೯

ಮಾವನಿಗೆ ಅಂಟುಮರಿಯ ನಮಸ್ಕಾರ.

ನಾನು ಕ್ಷೇಮ. ನೀವು ಕಳಿಸಿದ ಪುಸ್ತಕ ಅಷ್ಟು ಕ್ಷೇಮವಲ್ಲ. ಬೆನ್ನು ಪೂರ್ತಿ ಕಿತ್ತು ಬಂದಿದೆ, ಹೊಲಿಗೆಯ ದಾರ ಮುಟ್ಟಿದರೆ ಪುಡಿಯಾಗುತ್ತದೆ, ಹಿಂದಿನ ರಟ್ಟಿನ ಮೇಲೆ ಯಾವುದೋ ಕಾಲದ ಲೋಟದ ಗುರುತು. ನಮ್ಮ ಬೈಂಡಿಂಗ್ ಅಂಗಡಿಯ ಯಜಮಾನರು ನೋಡಿ, "ಇದಕ್ಕೆ ರಿಪೇರಿ ಬೇಡಮ್ಮ, ಎರಡು ಹೂ ಹಾಕಿ ಕಳಿಸಿಬಿಡು" ಅಂದರು. ನಾನು ಬಿಡುವವಳೇ? ಬೆನ್ನಿನ ಕಡೆಯಿಂದ ಎಣಿಸಿದೆ, ಹನ್ನೆರಡು ಫಾರಂ ಇವೆ. ದೊಡ್ಡ ಹಾಳೆಯನ್ನು ಹದಿನಾರು ಪುಟ ಬರುವಂತೆ ಮಡಿಸಿದರೆ ಒಂದು ಫಾರಂ, ಅಂಥವನ್ನು ಸಾಲಾಗಿಟ್ಟು ಹೊಲಿದರೆ ಪುಸ್ತಕ ಅಂತ ನಿಮಗೆ ನೂರು ಸಲ ಹೇಳಿದ್ದೇನೆ, ನೂರಾ ಒಂದನೆಯದು ಇದು. ಮುಂದಿನಿಂದ ಒಂದೊಂದೇ ಫಾರಂ ಬಿಡಿಸಿಕೊಳ್ಳುತ್ತ ಹೋಗುತ್ತೇನೆ. ಒಟ್ಟಿಗೆ ಕಿತ್ತರೆ ಕಾಗದ ತಡೆಯದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪುಸ್ತಕ ಕಟ್ಟಿಸುವ ಪ್ರಕಾಶಕಿಯೊಬ್ಬರು ಮೊನ್ನೆ ಬಂದಿದ್ದರು. ಮೇಜಿನ ಮೇಲೆ ಇದನ್ನು ಕಂಡು "ಯಾವ ಭಾಷೆ?" ಅಂದರು. ಡಚ್ ಅಂದೆ. "ಏನಿದೆ ಒಳಗೆ?" ಅಂದರು. ಅಮ್ಮ ಹೋದ ಮೇಲೆ ನನ್ನನ್ನು ಮಲಗಿಸಲು ನೀವು ಹೇಳುತ್ತಿದ್ದ ಹಾಗೇ ಹೇಳಿದೆ: ಕಾಲುವೆಯ ನೀರನ್ನು ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲಿನ ಕಾವಲುಗಾರ, ಒಂದು ಚಳಿಗಾಲ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನಡೆದು ಹೋಗಿಬಿಟ್ಟ ಅವನ ತಂಗಿ, ಅವನ ಕೈಯಲ್ಲಿ ಉಳಿದ ಅವಳ ಪುಟ್ಟ ಮಗಳು, ತಂಗಿಗೆ ಕಾಣಲೆಂದು ದಿನಾ ಸಂಜೆ ಕಿಟಕಿಯಲ್ಲಿ ಹಚ್ಚಿಡುವ ದೀಪ, ಕೊನೆಗೆ ಅವಳು ಬಂದು ಕಿಟಕಿ ತಟ್ಟುವುದು. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಕೊನೆಗಾಗಿಯೇ ಇದು ಕನ್ನಡಕ್ಕೆ ಬರಬೇಕು. ಯಾರು ಅನುವಾದ ಮಾಡ್ತಾರೆ?" ಅಂದರು.

ಎಲುಬಿಲ್ಲದ ನಾಲಿಗೆ, "ನಾನೇ" ಅಂದಿತು. ಆಗಸ್ಟ್ ಕೊನೆಯೊಳಗೆ ಕೊಡಬೇಕು.

ನಾಲ್ಕು ವರ್ಷದಿಂದ ಅಂಚೆಯಲ್ಲೇ ಡಚ್ ಕಲಿಸಿದಿರಿ. ಮಕ್ಕಳ ಪುಸ್ತಕ ಐದು, ಕಥೆಗಳ ಸಂಕಲನ ಎರಡು, ದಪ್ಪ ಕಾದಂಬರಿ ಒಂದು ಮುಗಿಸಿದೆ. ಇದನ್ನು ಕೇಳಿದಾಗಲೆಲ್ಲ "ನಿನ್ನ ಭಾಷೆ ಇನ್ನೂ ಹಣ್ಣಾಗಿಲ್ಲ" ಅಂತ ತಳ್ಳಿಹಾಕಿದಿರಿ. ಬೆನ್ನು ಕಿತ್ತುಹೋದದ್ದು ನನ್ನ ಪುಣ್ಯ. ಹಣ್ಣೋ ಕಾಯೋ, ನಾನು ಶುರು ಮಾಡಿದ್ದೇನೆ. ಜೊತೆಗಿರಿ.

ಅಂಟುಮರಿ

*

ಜನವರಿ ೨೪

ಅಂಟುಮರಿ,

ಕೇಳದೆ ಒಪ್ಪಿಕೊಂಡಿದ್ದೀಯ. ನನ್ನ ಸೊಸೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಳ್ಳೆಯದೇ ಆಯಿತು. ಮೂವತ್ತು ದಾಟಿದವಳು ಎಷ್ಟು ದಿನ ಬೇರೆಯವರ ಪುಸ್ತಕಕ್ಕೆ ರಟ್ಟು ಹಾಕುತ್ತಿರುವುದು?

ಫೋನ್ ಮಾಡಬೇಡ. ಹಡಗಿನ ರೇಡಿಯೊ ಕೋಣೆಯಲ್ಲಿ ಹದಿನೆಂಟು ವರ್ಷ ಕಿವಿ ಸವೆಸಿದವನಿಗೆ ಇನ್ನು ಕಾಗದವೇ ಸಾಕು.

ನೆನಪಿಡಬೇಕಾದದ್ದು ಹೇಳುತ್ತೇನೆ. ಡಚ್ ವಾಕ್ಯ ಪರದೇಶಿಯ ಹಾಗೆ ಶುರುವಾಗಿ ನಮ್ಮವನ ಹಾಗೆ ಮುಗಿಯುತ್ತದೆ. ಕ್ರಿಯಾಪದ ಎಷ್ಟೋ ಕಡೆ ಕೊನೆಗೆ ಬಂದು ಕೂರುತ್ತದೆ, ಅದು ಬರುವ ತನಕ ಬಾಯಿ ಮುಚ್ಚಿಕೊಂಡಿರು. ಕನ್ನಡದವರಿಗೆ ಈ ತಾಳ್ಮೆ ಹುಟ್ಟುಗುಣ. ಇಪ್ಪತ್ತೈದನ್ನು ಅವರು 'ಐದು ಮತ್ತು ಇಪ್ಪತ್ತು' ಅನ್ನುತ್ತಾರೆ, ದೋಣಿ ಲೆಕ್ಕ ಮಾಡುವಾಗ ತಲೆಕೆಳಗು ಮಾಡೀಯ. ಚಿಕ್ಕದು, ಮುದ್ದಿನದು ಅನ್ನಲು ಎಲ್ಲ ಪದದ ಕೊನೆಗೂ ಒಂದು ಮರಿ ಹಚ್ಚುತ್ತಾರೆ: ಮನೆಮರಿ, ಲೋಟಮರಿ, ಗಳಿಗೆಮರಿ. ಎಲ್ಲವನ್ನೂ ಕನ್ನಡಕ್ಕೆ ತಂದರೆ ಕೋಳಿಗೂಡು ಆಗುತ್ತದೆ. ಬೇಕಾದ ಕಡೆ ಮಾತ್ರ ಇಡು. ನಿನಗೆ ಅಂಟುಮರಿ ಅಂತ ಹೆಸರು ಬಂದದ್ದೂ ಆ ಭಾಷೆಯಿಂದಲೇ. ಕಾಲಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ ನೀನು.

ಎರಡು ಷರತ್ತು. ಒಂದು, ಅಂಚನ್ನು ಕಟಿಂಗ್ ಮೆಷಿನ್ನಿಗೆ ಕೊಡಬೇಡ. ಎಷ್ಟು ಒರಟಾಗಿದೆಯೋ ಅಷ್ಟೇ ಇರಲಿ. ಎರಡು, ಕೊನೆಯ ಮೂರು ಫಾರಂ ನನಗೆ ಬಿಡು. ಆ ಭಾಗ ನನಗೆ ಕಂಠಪಾಠ, ನಾನೇ ಬರೆದು ಕಳಿಸುತ್ತೇನೆ. ನೀನು ಅವನ್ನು ಬಿಡಿಸುವ ಕಷ್ಟವನ್ನೂ ತೆಗೆದುಕೊಳ್ಳಬೇಡ.

ಮಾವ

*

ಮಾರ್ಚ್ ೧೨

ಮಾವನಿಗೆ,

ಮೊದಲ ನಾಲ್ಕು ಫಾರಂ ಅನುವಾದ ಇದರೊಂದಿಗಿದೆ. ಕೆಂಪು ಶಾಯಿ ಧಾರಾಳವಾಗಿ ಬಳಸಿ. ನಾನೇನೂ ಮುರುಟಿ ಹೋಗುವುದಿಲ್ಲ.

ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಒಂದು ಗಂಟೆ, ಊಟದ ಬಿಡುವಿನಲ್ಲಿ ಅರ್ಧ ಗಂಟೆ ಕೂರುತ್ತೇನೆ. ಮೊದಲ ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಈಗ ದಿನಕ್ಕೆ ಒಂದು ಪುಟ ಸಲೀಸು, ಒಳ್ಳೆಯ ದಿನ ಎರಡು. ನಿಘಂಟು ತೆಗೆಯದೆ ಇಡೀ ಪ್ಯಾರಾ ಅರ್ಥವಾದ ದಿನ ಯಜಮಾನರಿಗೆ ಓದಿ ಹೇಳಿದೆ. ಅವರು "ಅಂಟು ಒಣಗ್ತಿದೆ" ಅಂದರು.

ಆ ಭಾಷೆಯಲ್ಲಿ ಸೋದರಮಾವನಿಗೂ ಚಿಕ್ಕಪ್ಪನಿಗೂ ಒಂದೇ ಪದ. ಪಾಪ ಅನ್ನಿಸಿತು. ನಾನು ಮಾವ ಅಂತಲೇ ಹಾಕಿದ್ದೇನೆ, ಬೇರೆ ಏನು ಹಾಕಿದರೂ ನನ್ನ ಕಿವಿ ಒಪ್ಪುತ್ತಿಲ್ಲ.

ಒಂದು ಅನುಮಾನ. ಕಾವಲುಗಾರ ಕಿಟಕಿಯ ಪರದೆ ಎಳೆಯುವುದಿಲ್ಲ ಅಂತ ಪದೇ ಪದೇ ಬರುತ್ತದೆ. ತಂಗಿ ಹೋದ ದುಃಖಕ್ಕೆ ಹಾಗೆ ಮಾಡುತ್ತಾನೆ ಅಂತ ಚಿಕ್ಕಂದಿನಿಂದ ತಿಳಿದಿದ್ದೆ. ಆದರೆ ತಂಗಿ ಹೋಗುವ ಮೊದಲೇ ಎರಡನೆಯ ಫಾರಂನಲ್ಲೂ ಪರದೆ ತೆರೆದೇ ಇದೆ. ಇದು ಹೇಗೆ?

ಇನ್ನೊಂದು ದೂರು. ಇಂಥ ಹಳೆಯ ಪುಸ್ತಕದ ಮಡಿಕೆಗಳನ್ನು ಓದುವವರೇ ಕತ್ತರಿಸಿಕೊಳ್ಳಬೇಕಿತ್ತು, ಒಪ್ಪಿದೆ. ಆದರೆ ನೀವು ಕತ್ತರಿಸಿದ ಅಂಚೆಲ್ಲ ಗರಗಸ ಹಾಕಿದ ಹಾಗಿದೆ, ಮೇಲೆ ಜಿಡ್ಡಿನ ಕಲೆ ಬೇರೆ. ತಿಂಡಿ ತಿನ್ನುತ್ತ ಓದಿದ್ದೀರಿ. ಪುಸ್ತಕ ಕಟ್ಟುವವಳ ಮಾವನಾಗಿ ನಾಚಿಕೆಯಾಗಬೇಕು ನಿಮಗೆ.

ಅಂಟುಮರಿ

*

ಮಾರ್ಚ್ ೨೭

ಅಂಟುಮರಿ,

ಓದಿದೆ. ಕೆಂಪು ಶಾಯಿ ಮುಗಿಸಬೇಕೆಂದು ಕೂತವನು ಪೆನ್ನಿನ ಮುಚ್ಚಳ ಹಾಕಿ ಎದ್ದೆ. ನಾಲ್ಕು ಫಾರಂನಲ್ಲಿ ತಪ್ಪು ಹನ್ನೊಂದೇ. ದೋಣಿಯವನು ಬೈಯುವ ಜಾಗದಲ್ಲಿ ಮಾತ್ರ ನಿನ್ನ ಕನ್ನಡ ಸ್ನಾನ ಮಾಡಿ ಬಂದ ಹಾಗಿದೆ. ಅವನ ಬಾಯಿ ಸ್ವಲ್ಪ ಕೊಳೆ ಮಾಡು.

ಪರದೆಯ ವಿಷಯ. ಡಚ್ಚರ ಬಂದರಿನಲ್ಲಿ ನಾವು ಇಳಿದಾಗ ಸಂಜೆ ಬೀದಿಯಲ್ಲಿ ನಡೆಯುತ್ತಿದ್ದೆ. ಮನೆ ಮನೆಯ ಒಳಗೂ ಕಾಣುತ್ತಿತ್ತು. ಒಬ್ಬ ಇಸ್ತ್ರಿ ಮಾಡುತ್ತಿದ್ದ, ಒಬ್ಬಾಕೆ ಪತ್ರ ಬರೆಯುತ್ತಿದ್ದಳು, ಯಾರೂ ಪರದೆ ಎಳೆದಿರಲಿಲ್ಲ. ಹಡಗಿನ ಇಂಜಿನಿಯರನ್ನು ಕೇಳಿದರೆ, "ಬಚ್ಚಿಡೋದು ಏನೂ ಇಲ್ಲದವರು ಪರದೆ ಯಾಕೆ ಎಳೀಬೇಕು?" ಅಂದ. ಆದ್ದರಿಂದ ಪರದೆ ತೆರೆದಿಟ್ಟದ್ದು ದೊಡ್ಡದಲ್ಲ. ತಂಗಿ ಹೋದ ಮೇಲೆ ಅವನು ಊಟದ ಮೇಜನ್ನೇ ಕಿಟಕಿಗೆ ತಂದು, ದೀಪ ಇಟ್ಟು, ಅಲ್ಲೇ ಕೂತನಲ್ಲ, ಅದು ದೊಡ್ಡದು.

ಕೊನೆಯ ಭಾಗ ಇದರೊಂದಿಗಿದೆ, ಇಪ್ಪತ್ತೆರಡು ಹಾಳೆ. ಒಂದೇ ಬೈಠಕ್ಕಿನಲ್ಲಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಮೂಲಕ್ಕಿಂತ ಗುಲಗಂಜಿ ತೂಕ ಹೆಚ್ಚೇ ಇದೆ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ನಿನ್ನ ಪ್ರಕಾಶಕಿಗೆ ಹಾಗೇ ಕೊಡು.

ಮಾವ

*

ಮೇ ೨೦

ಮಾವನಿಗೆ,

ನಿಮ್ಮ ಇಪ್ಪತ್ತೆರಡು ಹಾಳೆ ತಲುಪಿ ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ.

ಒಂಬತ್ತು ಫಾರಂ ಮುಗಿಯಿತು, ಐದರಿಂದ ಒಂಬತ್ತರವರೆಗಿನ ಅನುವಾದ ಇದರೊಂದಿಗಿದೆ. ಹೆಪ್ಪುಗಟ್ಟಿದ ಕಾಲುವೆ ಬಿರಿಯುವ ಸದ್ದು ಕೇಳಿ ಮಗು ಎದ್ದು ಕೂರುವಲ್ಲಿಗೆ ನಿಂತಿದೆ.

ಎರಡೇ ಪ್ರಶ್ನೆ. ತಂಗಿ ಕಿಟಕಿ ತಟ್ಟುವುದು ಎಷ್ಟನೆಯ ಪುಟದಲ್ಲಿ? ಕೊನೆಯ ಭಾಗವನ್ನು ನೀವು ಓದಿದ್ದು ಯಾವಾಗ?

ನಿಮ್ಮ ಸೊಸೆ

*

ಜೂನ್ ೩

ಅಂಟುಮರಿ,

ಪುಟದ ಸಂಖ್ಯೆ ನೆನಪಿಡುವವರು ಗುಮಾಸ್ತರು. ಓದುಗನಿಗೆ ನೆನಪಿರುವುದು ಕಿಟಕಿ.

ನಿನಗೆ ಏನಾಗಿದೆ ಅಂತ ಬಲ್ಲೆ. ಮುಕ್ಕಾಲು ದಾರಿ ಬಂದವರಿಗೆಲ್ಲ ಆಗುವ ಹೆದರಿಕೆ ಇದು. ತನ್ನ ಡಚ್ ಸಾಲದು, ಮಾವನ ಪಕ್ಕದಲ್ಲಿ ತನ್ನ ಕನ್ನಡ ಸಪ್ಪೆ ಕಾಣುತ್ತದೆ ಅಂತ. ಹುಚ್ಚಿ! ನಿನ್ನ ಆರನೆಯ ಫಾರಂ ಓದಿ ನಾನು ಪಕ್ಕದ ಮನೆಯ ಗಡಿಯಾರ ರಿಪೇರಿಯವನನ್ನು ಕರೆದು ಕೂರಿಸಿ ಅವನಿಗೂ ಓದಿ ಹೇಳಿದೆ. ಅವನು ತನ್ನ ಅಂಗಡಿ ಬಾಗಿಲು ತೆರೆದಿದ್ದನ್ನೇ ಮರೆತ. ಧೈರ್ಯವಾಗಿ ಮುಗಿಸು. ನನ್ನ ಭಾಗ ಹಿಂದೆ ಸೇರಿಸು, ಕೆಲಸ ಮುಗಿಯಿತು.

ಮಾವ

*

ಜೂನ್ ೧೧

ಮಾವನಿಗೆ,

ನನಗೆ ಹೆದರಿಕೆಯಿಲ್ಲ. ಸಿಟ್ಟು ಬಂದಿದೆ.

ಒಂಬತ್ತು ಫಾರಂ ಬಿಡಿಸಿ ಹತ್ತನೆಯದಕ್ಕೆ ಕೈ ಹಾಕಿದೆ. ಅದರ ಮಡಿಕೆ ಕತ್ತರಿಸಿಯೇ ಇಲ್ಲ. ಹನ್ನೊಂದು, ಹನ್ನೆರಡೂ ಹಾಗೇ. ಮೇಲಿನ ಅಂಚು, ಪಕ್ಕದ ಅಂಚು ಅಚ್ಚಿನ ಮನೆಯಿಂದ ಹೇಗೆ ಮಡಿಸಿ ಬಂದಿತ್ತೋ ಹಾಗೇ ಕೂಡಿಕೊಂಡಿವೆ. ಇಡೀ ಪುಸ್ತಕದ ಅಂಚು ಒರಟಾಗಿದ್ದುದರಿಂದ ಜನವರಿಯಲ್ಲಿ ನನಗೆ ತಿಳಿಯಲಿಲ್ಲ, ನನ್ನ ಕಸುಬಿಗೆ ಅದೊಂದು ಅವಮಾನ. ಆ ಪುಟಗಳನ್ನು ಯಾವ ಕಣ್ಣೂ ನೋಡಿಲ್ಲ, ಮಾವ. ನಿಮ್ಮದೂ ನೋಡಿಲ್ಲ.

ಅಂಚು ಕತ್ತರಿಸಬೇಡ ಅಂದದ್ದು ಇದಕ್ಕೆ. ಕೊನೆಯ ಮೂರು ನನಗೆ ಬಿಡು ಅಂದದ್ದೂ ಇದಕ್ಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಪ್ಪತ್ತೆರಡು ಹಾಳೆ ಬರೆದು, ಮೂಲಕ್ಕಿಂತ ತೂಕ ಹೆಚ್ಚು ಅಂತ ಬೇರೆ ಅಂದಿರಿ. ಯಾವ ಮೂಲ? ಬಚ್ಚಿಡೋದು ಇಲ್ಲದವರು ಪರದೆ ಎಳೆಯುವುದಿಲ್ಲ ಅಂತ ಅದೇ ಕಾಗದದಲ್ಲಿ ಬರೆದಿದ್ದೀರಿ.

ಪ್ರಕಾಶಕಿ ಆ ಕೊನೆಗಾಗಿ ಪುಸ್ತಕ ತರುತ್ತಿದ್ದಾರೆ. ಬೇರೆಯವರ ಕಾದಂಬರಿಗೆ ನಿಮ್ಮ ಕೊನೆ ಹೊಲಿದು ನನ್ನ ಕೈಯಿಂದ ಅಚ್ಚಿಗೆ ಹೋಗಲು ನಾನು ಬಿಡುವುದಿಲ್ಲ. ಅದು ಒಂದು ಕಡೆ ಇರಲಿ. ನಾನು ಡಚ್ ಕಲಿತದ್ದೇ ಯಾಕೆ, ಗೊತ್ತೇ? ತಂಗಿ ಕಿಟಕಿ ತಟ್ಟುವ ಆ ಸಾಲನ್ನು ಅದು ಹುಟ್ಟಿದ ಭಾಷೆಯಲ್ಲಿ ಒಮ್ಮೆ ಓದಬೇಕು ಅಂತ. ಮೂವತ್ತೊಂದು ವರ್ಷ ನಂಬಿದ್ದೆ.

ಮಡಿಕೆ ಕತ್ತರಿಸಿಲ್ಲ. ಒಡೆಯರ ಅಪ್ಪಣೆ ಇಲ್ಲದೆ ಬೈಂಡರ್ ಪುಟ ಬಿಡಿಸುವುದಿಲ್ಲ. ಸಂದಿಯಲ್ಲಿ ಇಣುಕಿಯೂ ನೋಡಿಲ್ಲ. ಏನು ಮಾಡಲಿ, ಹೇಳಿ.

*

ಜೂನ್ ೨೮, ಕಾರ್ಡು

ಮಾವ, ಎರಡು ವಾರ ಕಳೆಯಿತು. ಸಿಟ್ಟು ಇಳಿದಿಲ್ಲ. ಆದರೂ ಗಡಿಯಾರದವರ ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಚೆನ್ನಾಗಿದ್ದಾರೆ, ಯಾರ ಹತ್ರಾನೂ ಮಾತಾಡ್ತಿಲ್ಲ" ಅಂದರು. ಬಿ.ಪಿ. ಮಾತ್ರೆ ಬಿಡಬೇಡಿ. ಜಗಳಕ್ಕೂ ಎದುರಿಗೆ ಗಟ್ಟಿ ಆಳು ಬೇಕು.

*

ಜುಲೈ ೬

ಅಂಟುಮರಿ,

ಮಾತ್ರೆ ನುಂಗುತ್ತಿದ್ದೇನೆ.

ನಿನ್ನ ಕಾಗದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಾನು ಓದಿಲ್ಲ. ಈಗ ಹೇಳುವುದನ್ನು ಕ್ಷಮೆ ಕೇಳುವುದು ಅಂತ ತಿಳಿಯಬೇಡ, ನಡೆದದ್ದು ಹೇಳುತ್ತೇನೆ.

ಆ ಪುಸ್ತಕ ನನಗೆ ತನ್ನ ಭಾಷೆ ಕಲಿಸಿದ ನಮ್ಮ ಹಡಗಿನ ಡಚ್ ಇಂಜಿನಿಯರ್ ಕೊಟ್ಟದ್ದು, ಒಂದು ಮಡಿಕೆಯೂ ಕತ್ತರಿಸಿರಲಿಲ್ಲ. ನಿನ್ನ ಅಮ್ಮ ಆಸ್ಪತ್ರೆ ಸೇರಿದ ತಂತಿ ಬಂದಾಗ ಚೀಲದಲ್ಲಿ ಅದೇ ಇತ್ತು. ಹಾಸಿಗೆಯ ಪಕ್ಕ ಕೂತು ದಿನಾ ಮಧ್ಯಾಹ್ನ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳ ಊಟದ ತಟ್ಟೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಚಾಕು ಬರುತ್ತಿತ್ತು, ಅದರಲ್ಲೇ ಪುಟ ಬಿಡಿಸುತ್ತಿದ್ದೆ. ನೀನು ಬೈದ ಜಿಡ್ಡು ಅದು. ನೀನು ಮಂಚದ ಕಾಲ ಕಡೆ ಕೂತು ಅವಳ ಹೊದಿಕೆಯ ಅಂಚು ಹಿಡಿದುಕೊಂಡು ಕೇಳುತ್ತಿದ್ದೆ. ನಿನಗೆ ಅದು ನೆನಪಿಲ್ಲ ಅಂತ ಬಲ್ಲೆ. ನೆನಪಾಗದಿರಲಿ ಅಂತಲೇ ನಾನೂ ಸುಮ್ಮನಿದ್ದೆ.

ಒಂಬತ್ತನೆಯ ಫಾರಂ ಮುಗಿದ ದಿನ ಹತ್ತನೆಯದಕ್ಕೆ ಚಾಕು ಹಾಕಿದೆ. "ಬೇಡ ಅಣ್ಣ, ಎಲ್ಲಾ ಇವತ್ತೇ ಮುಗಿಸಿಬಿಟ್ರೆ ಹೇಗೆ? ನಾಳೆಗಿರಲಿ" ಅಂದಳು. ಚಾಕು ಕೆಳಗಿಟ್ಟೆ. ಮರುದಿನ ಬೆಳಿಗ್ಗೆ ಅವಳು ಹೋದಳು.

ಒಂದು ವಾರವಾದ ಮೇಲೆ ನೀನು ನನ್ನ ಕಾಲಿಗೆ ಅಂಟಿಕೊಂಡು ಕೇಳಿದೆ, "ಮಾವ, ಆ ಅಮ್ಮ ವಾಪಸ್ ಬಂದ್ಲಾ?"

ಯಾವ ಅಮ್ಮ ಅಂತ ನಾನು ಕೇಳಲಿಲ್ಲ. "ಬಂದ್ಲು" ಅಂದೆ. "ಹೇಗೆ ಬಂದ್ಲು?" ಅಂದೆ ನೀನು. ಅವತ್ತಿನಿಂದ ಹೇಗೆ ಅಂತ ಹೇಳುತ್ತಲೇ ಇದ್ದೇನೆ. ಹಡಗು ಬಿಟ್ಟು ದಡದ ಕೆಲಸಕ್ಕೆ ಸೇರಿದ್ದೂ ಆಗಲೇ. ಸಮುದ್ರ ಬೇಸರವಾಯಿತು ಅಂತ ನಿನಗೆ ಹೇಳಿದ್ದೂ ಸುಳ್ಳೇ.

ಆಮೇಲೆ ಎಷ್ಟೋ ಸಲ ಕತ್ತರಿಸೋಣ ಅಂತ ಕೂತೆ. ಒಳಗೆ ಆ ತಂಗಿ ಸತ್ತಿದ್ದರೆ? ನಿನ್ನ ಮುಖ ನೋಡಿಕೊಂಡು ರಾತ್ರಿ ಕಥೆ ಹೇಳುವುದು ಹೇಗೆ? ನಿನ್ನ ತಲೆಯಲ್ಲಿ ಬಿಳಿ ಕೂದಲು ಕಾಣುವಷ್ಟು ವಯಸ್ಸಾದ ಮೇಲೂ ಆ ಹೆದರಿಕೆ ಹೋಗಲಿಲ್ಲ. ನಗಬೇಡ.

ಕತ್ತರಿಸು. ಏನಿದೆಯೋ ಅದನ್ನೇ ಅಚ್ಚು ಹಾಕಿಸು. ನನಗೆ ಮಾತ್ರ ಹೇಳಬೇಡ.

ಮಾವ

*

ಜುಲೈ ೧೫

ಮಾವನಿಗೆ,

ನಾನು ಬರೆದದ್ದಕ್ಕೆ ಪಶ್ಚಾತ್ತಾಪವಿದೆ, ಬರೆದ ರೀತಿಗೆ ಮಾತ್ರ. ಕೇಳಿದ್ದು ಸರಿಯಾಗಿಯೇ ಕೇಳಿದೆ.

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಯಜಮಾನರು ತಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎರಡು ಟೀ ತಂದು ಒಂದನ್ನು ನನ್ನ ಮುಂದಿಟ್ಟರು. ಹೊದಿಕೆಯ ಅಂಚು ನನಗೆ ನೆನಪಿದೆ, ಮಾವ. ನೀಲಿ ದಾರದ ಹೊಲಿಗೆ. ಅದು ಎಲ್ಲಿಯದು ಅಂತ ಮಾತ್ರ ಇಷ್ಟು ವರ್ಷ ತಿಳಿದಿರಲಿಲ್ಲ.

ಹತ್ತು, ಹನ್ನೊಂದು ಕತ್ತರಿಸಿ ಓದಿದೆ. ಏನಾಗುತ್ತದೆ ಅಂತ ಹೇಳುವುದಿಲ್ಲ. ಹನ್ನೆರಡನೆಯದನ್ನು ಮುಟ್ಟಿಲ್ಲ. ಅದು ಈ ಲಕೋಟೆಯಲ್ಲಿದೆ, ಜೊತೆಗೆ ಕಾಗದ ಮಡಿಸುವ ನನ್ನ ಮೂಳೆಯ ಪಟ್ಟಿ. ಅದರಲ್ಲಿ ಬಿಡಿಸಿದರೆ ಅಂಚು ನಯವಾಗಿ ಬರುತ್ತದೆ, ದಯವಿಟ್ಟು ಬೆಣ್ಣೆ ಚಾಕು ಬೇಡ.

ಕೊನೆಯಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ನನಗೆ ಹೇಳಬೇಡ ಅಂದಿರಿ, ಸರಿ, ನೀವೇ ನನಗೆ ಹೇಳಿ. ಕಥೆ ಹೇಳುವ ಕೆಲಸ ನಮ್ಮ ಮನೆಯಲ್ಲಿ ನಿಮ್ಮದು. ಅಮ್ಮ ನಾಳೆಗಿರಲಿ ಅಂದಿದ್ದಳೇ ಹೊರತು ಓದಬೇಡ ಅಂದಿರಲಿಲ್ಲ. ಆ ಹದಿನಾರು ಪುಟ ನೀವು ಕನ್ನಡ ಮಾಡಿ ಕಳಿಸದೆ ನಾನು ಪುಸ್ತಕ ಕೊಡುವುದಿಲ್ಲ.

ಅಂಟುಮರಿ

*

ಜುಲೈ ೩೦

ಅಂಟುಮರಿ,

ಲಕೋಟೆ ಆರು ದಿನ ಮೇಜಿನ ಮೇಲಿತ್ತು. ಏಳನೆಯ ದಿನ ಗಡಿಯಾರದವನು ಬಂದು, "ಅದೇನು ಸಾರ್, ಅದಕ್ಕೆ ಕಾವಲು ಕೂತಿದೀರಾ?" ಅಂದ. ಅವನನ್ನು ಓಡಿಸಿ, ಊಟ ಮಾಡಿ, ಮಧ್ಯಾಹ್ನ ಕೂತು ಬಿಡಿಸಿದೆ. ನಿನ್ನ ಮೂಳೆಯ ಪಟ್ಟಿ ಒಳ್ಳೆಯ ಸಾಮಾನು, ವಾಪಸ್ ಕೊಡುವುದಿಲ್ಲ.

ಗಟ್ಟಿಯಾಗಿ ಓದಿದೆ, ನಿನ್ನ ಅಮ್ಮನಿಗೆ ಓದುತ್ತಿದ್ದ ಹಾಗೆ.

ಆ ತಂಗಿ ಬರುವುದಿಲ್ಲ, ಅಂಟುಮರಿ. ಸತ್ತಳು ಅಂತಲೂ ಇಲ್ಲ. ಆ ಹುಡುಗಿ ದೊಡ್ಡವಳಾಗಿದ್ದಾಳೆ. ಕಾಲುವೆಯ ಬಾಗಿಲಿನ ಚಕ್ರವನ್ನು ಅವಳೇ ತಿರುಗಿಸುತ್ತಾಳೆ. ಒಂದು ಸಂಜೆ ಕೊನೆಯ ದೋಣಿ ದಾಟಿಸಿ ಒಳಗೆ ಬರುತ್ತಾಳೆ. ಅವನು ಮುದುಕ, ಕಿಟಕಿಯ ಮೇಜಿನಲ್ಲಿ ದೀಪ ಹಚ್ಚಿ ಕೂತಿದ್ದಾನೆ. ಅವಳು ಕೈ ಒರೆಸಿಕೊಂಡು ಹೇಳುವುದನ್ನು ಹೀಗೆ ಬರೆದಿದ್ದೇನೆ, ಒಂದು ಅಕ್ಷರ ಬದಲಿಸಿದರೂ ನಿನ್ನನ್ನು ಬಿಡುವುದಿಲ್ಲ:

"ಪರದೆ ಎಳೀರಿ ಮಾವ, ಚಳಿ. ಬರೋರೆಲ್ಲ ಒಳಗೇ ಇದ್ದೀವಿ."

ಆ ಸೀಮೆಯಲ್ಲಿ ಯಾರೂ ಎಳೆಯದ ಪರದೆಯನ್ನು ಅವನು ಎದ್ದು ಎಳೆಯುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯಿತು.

ಅತ್ತುಬಿಟ್ಟೆ. ಸ್ವಲ್ಪವಲ್ಲ, ಚೆನ್ನಾಗಿಯೇ. ಮೂವತ್ತೊಂದು ವರ್ಷ ತಂಗಿಗೆ ಏನಾಗುತ್ತದೋ ಅಂತ ಹೆದರಿ ಕೂತಿದ್ದೆ. ಪುಸ್ತಕ ನೋಡಿದರೆ ಆ ಮುದುಕನ ಕಡೆ ತಿರುಗಿ ಕೂತಿದೆ. ನಾನು ಬರೆದ ಇಪ್ಪತ್ತೆರಡು ಹಾಳೆಯಲ್ಲಿ ಅವನಿಗೆ ಒಂದು ಸಾಲೂ ಇಲ್ಲ. ತಂಗಿ ಕಿಟಕಿ ತಟ್ಟಿದ ಮೇಲೆ ಅವನು ಏನಾದ ಅಂತ ನನಗೆ ಹೊಳೆದೇ ಇರಲಿಲ್ಲ.

ಹನ್ನೆರಡನೆಯ ಫಾರಂನ ಅನುವಾದ ಇದರಲ್ಲಿದೆ. ಈ ಸಲ ಮೂಲ ನೋಡಿಕೊಂಡೇ ಮಾಡಿದ್ದೇನೆ. ಆ ಇಪ್ಪತ್ತೆರಡು ಹಾಳೆ ಹರಿದು ಒಲೆಗೆ ಹಾಕು.

ಮಾವ

ನಿನ್ನ ಏಳನೆಯ ಫಾರಂನಲ್ಲಿ ಎರಡು ತಪ್ಪಿವೆ, ಬಿಡುವುದಿಲ್ಲ.

*

ಆಗಸ್ಟ್ ೨೪

ಮಾವನಿಗೆ,

ಅನುವಾದ ಅಚ್ಚಿಗೆ ಹೋಯಿತು. ಪ್ರಕಾಶಕಿ ಕೊನೆ ಬದಲಾದದ್ದು ಕೇಳಿ ಮೊದಲು ಮುಖ ಗಂಟು ಹಾಕಿದರು. "ಮೊದಲು ಓದಿ, ಆಮೇಲೆ ಬೇಡ ಅನ್ನಿ" ಅಂತ ನಿಮ್ಮ ಹದಿನಾರು ಪುಟ ಕೈಗೆ ಕೊಟ್ಟೆ. ಅಂಗಡಿಯಲ್ಲಿ ನಿಂತೇ ಓದಿದರು. ಮುಗಿಸಿ, "ಅನುವಾದ ಇಬ್ಬರದು ಅಂತ ಹಾಕ್ತೀನಿ" ಅಂದರು. ಏಳನೆಯ ಫಾರಂನ ಎರಡು ತಪ್ಪು ತಿದ್ದಿದ್ದೇನೆ. ಒಂದು ತಪ್ಪೇ ಅಲ್ಲ, ಆದರೂ ತಿದ್ದಿದೆ.

ಇದರ ಜೊತೆಗಿರುವ ಪೊಟ್ಟಣ ನಿಮ್ಮ ಪುಸ್ತಕ. ಹೊಸ ದಾರ, ಹೊಸ ಬೆನ್ನು, ರಟ್ಟಿನ ಮೇಲಿನ ಲೋಟದ ಗುರುತು ಹಾಗೇ ಬಿಟ್ಟಿದ್ದೇನೆ. ಹನ್ನೆರಡನೆಯ ಫಾರಂ ಆದ ಮೇಲೆ ಹದಿಮೂರನೆಯದೊಂದು ಇದೆ. ನಿಮ್ಮ ಇಪ್ಪತ್ತೆರಡು ಹಾಳೆ. ಅದೇ ದಾರದಲ್ಲಿ ಹೊಲಿದಿದ್ದೇನೆ. ಅಚ್ಚಾಗುವ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ, ಇರಕೂಡದು. ಆದರೆ ಅದು ಆರು ವರ್ಷದವಳೊಬ್ಬಳು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ಕೊಟ್ಟ ಮೇಲೆ ಅದು ನನ್ನದು, ಒಲೆಗೆ ಹಾಕಲು ನಿಮಗೆ ಹಕ್ಕಿಲ್ಲ.

ಅಂಚು ಕತ್ತರಿಸಿಲ್ಲ.

ನಿಮ್ಮ ಅಂಟುಮರಿ